ಟ್ರ್ಯಾಕ್ಟರಿಗೆ ಈಸು ಕೊಟ್ಟ ಹ್ಯಾರಿ ಫರ್ಗುಸನ್

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಹಳ್ಳಿಗಳಲ್ಲಿ ಹಳೆಯ ಕೆಂಪು ಮಾಸಿ ಫರ್ಗುಸನ್ ಟ್ರ್ಯಾಕ್ಟರುಗಳು ಇಂದಿಗೂ ದುಡಿಯುತ್ತಿವೆ. ರಾಗಿ ಹೊಲ ಉಳುವುದಕ್ಕೂ ಅವೇ, ಕೆರೆಯ ಗೋಡು ಹೊಡೆಯುವುದಕ್ಕೂ ಅವೇ, ಇಟ್ಟಿಗೆ ಕಲ್ಲು ಸಾಗಿಸುವುದಕ್ಕೂ ಅವೇ. ಗಾಡಿಯ ಮೇಲೆ ಬರೆದಿರುವ ಎರಡು ಹೆಸರುಗಳಲ್ಲಿ ಎರಡನೆಯದು ಐರ್ಲೆಂಡಿನ ಒಬ್ಬ ರೈತನ ಮಗನ ಹೆಸರು. ಆತ ಕಾಲವಾಗಿ ಅರುವತ್ತು ವರ್ಷಗಳ ಮೇಲಾಗಿದೆ. ಆದರೆ ಇಂದು ನಮ್ಮ ರೈತರು ಬಳಸುವ ಟ್ರ್ಯಾಕ್ಟರ್ ಯಾವ ಕಂಪನಿಯದೇ ಇರಲಿ, ನೇಗಿಲನ್ನು ಹಿಂಬದಿಯ ಮೂರು ಕೊಂಡಿಗಳಿಗೆ ಸಿಕ್ಕಿಸಿ ಕೈಸನ್ನೆ ಮಾಡಿ ಎತ್ತಿ ಇಳಿಸುವ ಆ ಏರ್ಪಾಡು ಆತನ ತಲೆಯಿಂದ ಬಂದದ್ದು. ಮುಂದಿನ ಗಾಲಿಗಳು ನೆಲ ಬಿಡದಂತೆ, ಚಾಲಕನ ಜೀವ ಹೋಗದಂತೆ ಮಾಡಲು ಆತ ಅರ್ಧ ಆಯುಸ್ಸನ್ನೇ ಸವೆಸಿದ.

ರೈತನ ಮನೆಯಿಂದ ಗರಾಜಿಗೆ

ಹೆನ್ರಿ ಜಾರ್ಜ್ ಫರ್ಗುಸನ್ ಹುಟ್ಟಿದ್ದು 1884ರ ನವೆಂಬರ್ 4ರಂದು, ಐರ್ಲೆಂಡಿನ ಉತ್ತರ ಭಾಗದ ಡೌನ್ ಕೌಂಟಿಯ ಗ್ರೋವೆಲ್ ಎಂಬ ಹಳ್ಳಿಯಲ್ಲಿ. ಹನ್ನೊಂದು ಮಕ್ಕಳಲ್ಲಿ ನಾಲ್ಕನೆಯವರು. ಎಲ್ಲರೂ ಕರೆದದ್ದು ಹ್ಯಾರಿ ಎಂದು. ತಂದೆ ಬೇಸಾಯಗಾರ, ದೈವಭಕ್ತ, ಬಲು ಶಿಸ್ತಿನ ಮನುಷ್ಯ. ಹುಡುಗನಿಗೆ ಹೊಲದ ಕೆಲಸ ಹಿಡಿಸಲಿಲ್ಲ. 1902ರಲ್ಲಿ ಬೆಲ್‌ಫಾಸ್ಟ್ ಪಟ್ಟಣದಲ್ಲಿ ಅಣ್ಣ ಜೋ ನಡೆಸುತ್ತಿದ್ದ ಸೈಕಲ್ ಮತ್ತು ಮೋಟಾರು ರಿಪೇರಿ ಅಂಗಡಿ ಸೇರಿದರು. ಎಂಜಿನ್ನಿನ ಸದ್ದು ಕೇಳಿಯೇ ಅದರ ಕಾಯಿಲೆ ಹೇಳುವಷ್ಟು ಕೈ ಪಳಗಿತು.

ವಿಮಾನ ಎಂಬುದು ಜಗತ್ತಿಗೆ ಆಗ ಹೊಸತು. ಫರ್ಗುಸನ್ ತಾವೇ ಒಂದು ವಿಮಾನ ಕಟ್ಟಿ 1909ರ ಡಿಸೆಂಬರ್ 31ರಂದು ಹಿಲ್ಸ್‌ಬರೋದಲ್ಲಿ ಸುಮಾರು 130 ಗಜ ಹಾರಿಸಿದರು. ಐರ್ಲೆಂಡಿನ ನೆಲದಿಂದ ಎಂಜಿನ್ ಬಲದಲ್ಲಿ ಮೇಲೆದ್ದ ಮೊದಲ ವಿಮಾನ ಅದು. ಮುಂದೆ ಒಂದೆರಡು ವರ್ಷಗಳಲ್ಲಿ ಹಾರಾಟದ ಗೀಳು ತಣ್ಣಗಾಯಿತು. 1911ರಲ್ಲಿ ಸ್ವಂತ ಮೋಟಾರು ವ್ಯಾಪಾರ ಆರಂಭಿಸಿದರು. ಅಮೆರಿಕದಿಂದ ಬರುತ್ತಿದ್ದ ಓವರ್‌ಟೈಮ್ ಎಂಬ ಟ್ರ್ಯಾಕ್ಟರನ್ನೂ ಮಾರತೊಡಗಿದರು. ಬೇಸಾಯ ಬೇಡವೆಂದು ಮನೆ ಬಿಟ್ಟ ಹುಡುಗನನ್ನು ಬೇಸಾಯವೇ ಹುಡುಕಿಕೊಂಡು ಬಂದಂತಾಯಿತು.

ಸರಪಳಿಯ ನೇಗಿಲು, ಮಗುಚುವ ಟ್ರ್ಯಾಕ್ಟರ್

1917ರಲ್ಲಿ ಮೊದಲ ಮಹಾಯುದ್ಧ ನಡೆದಿತ್ತು. ಕಾಳಿಗೆ ಅಭಾವ. ಐರ್ಲೆಂಡಿನ ಕೃಷಿ ಇಲಾಖೆ ಫರ್ಗುಸನ್ ಅವರಿಗೆ ಒಂದು ಕೆಲಸ ಒಪ್ಪಿಸಿತು. ಊರೂರಿಗೆ ಹೋಗಿ, ರೈತರ ಬಳಿ ಇದ್ದ ಟ್ರ್ಯಾಕ್ಟರ್ ಮತ್ತು ನೇಗಿಲುಗಳನ್ನು ಸರಿಯಾಗಿ ಬಳಸುವ ಬಗೆ ತೋರಿಸಿಕೊಡುವುದು. ವಿಲಿ ಸ್ಯಾಂಡ್ಸ್ ಎಂಬ ನುರಿತ ಮೆಕ್ಯಾನಿಕ್ ಜೊತೆಗಿದ್ದರು. ಈ ತಿರುಗಾಟದಲ್ಲಿ ಇಬ್ಬರೂ ಒಂದು ಸಂಗತಿಯನ್ನು ಕಣ್ಣಾರೆ ಕಂಡರು. ಎಂಜಿನ್ ಒಳ್ಳೆಯದಿತ್ತು, ನೇಗಿಲೂ ಒಳ್ಳೆಯದಿತ್ತು, ಇವೆರಡರ ನಡುವಣ ಜೋಡಣೆ ಮಾತ್ರ ಸರಿಯಿರಲಿಲ್ಲ.

ನಮ್ಮ ಎತ್ತಿನ ಬೇಸಾಯ ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ. ಎತ್ತು, ನೊಗ, ಈಸು, ನೇಗಿಲು ಇವೆಲ್ಲ ಸೇರಿ ಒಂದೇ ಸಾಧನ. ನಡುವೆ ಗಟ್ಟಿಯಾದ ಈಸು ಇರುವುದರಿಂದಲೇ ಉಳುವವನು ಮೇಳಿ ಹಿಡಿದು ಆಳವನ್ನು ಹೆಚ್ಚು ಕಡಿಮೆ ಮಾಡಬಲ್ಲ. ಅಂದಿನ ಟ್ರ್ಯಾಕ್ಟರಿಗೆ ಈಸು ಇರಲಿಲ್ಲ. ಭಾರವಾದ ನೇಗಿಲನ್ನು ಸರಪಳಿಯಿಂದಲೋ ಕೊಕ್ಕೆಯಿಂದಲೋ ಹಿಂದೆ ಕಟ್ಟಿ ಎಳೆಸುತ್ತಿದ್ದರು. ನೇಗಿಲಿನ ಕುಳ ಬೇರಿಗೋ ಬಂಡೆಗೋ ಸಿಕ್ಕಿಕೊಂಡರೆ ಹಿಂದಿನ ಗಾಲಿಗಳು ತಿರುಗಲಾರವು. ಎಂಜಿನ್ನಿನ ಬಲ ಆಗ ಗಾಡಿಯ ಮೈಯನ್ನೇ ಹಿಂದಿನ ಅಚ್ಚಿನ ಸುತ್ತ ಮೇಲಕ್ಕೆತ್ತುತ್ತದೆ. ಮುಂದಿನ ಗಾಲಿಗಳು ಎದ್ದು ಟ್ರ್ಯಾಕ್ಟರ್ ಹಿಮ್ಮಗುಚಿ ಚಾಲಕನ ಮೇಲೆ ಬೀಳುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಮುಗಿಯುವ ಈ ಅಪಘಾತದಲ್ಲಿ ಅಂದಿನ ಫೋರ್ಡ್‌ಸನ್ ಟ್ರ್ಯಾಕ್ಟರಿನ ಹಲವು ಚಾಲಕರು ಪ್ರಾಣ ಕಳೆದುಕೊಂಡರು.

ಫರ್ಗುಸನ್ ಮತ್ತು ಸ್ಯಾಂಡ್ಸ್ ಈ ಒಂದು ದೋಷದ ಬೆನ್ನು ಹತ್ತಿದರು. ಮೊದಲು ಟ್ರ್ಯಾಕ್ಟರಿನ ಮೈಗೇ ಜೋಡಿಸುವ ಹಗುರ ನೇಗಿಲು ಮಾಡಿದರು. ನಂತರ ಕೆಳಗೆ ಒಂದು, ಮೇಲೆ ಒಂದು ಕೊಂಡಿಯ ಜೋಡಣೆ ಬಂತು. ಅಮೆರಿಕದಲ್ಲಿ ಕಾರ್ಖಾನೆ ತೆರೆದು ಇಂಥ ನೇಗಿಲುಗಳನ್ನು ಮಾರಿದರು. 1928ರಲ್ಲಿ ಅಮೆರಿಕದ ಫೋರ್ಡ್‌ಸನ್ ತಯಾರಿಕೆಯೇ ನಿಂತು ಆ ವ್ಯಾಪಾರ ಕುಸಿಯಿತು. ಫರ್ಗುಸನ್ ಎದೆಗುಂದಲಿಲ್ಲ. ಇಷ್ಟರಲ್ಲೇ, 1925ರಲ್ಲಿ, ಅವರು ಹೈಡ್ರಾಲಿಕ್ ಹಿಡಿತದ ಪೇಟೆಂಟಿಗೆ ಅರ್ಜಿ ಹಾಕಿದ್ದರು.

ಮೂರು ಕೊಂಡಿಗಳ ಮರ್ಮ

ಈ ಏರ್ಪಾಡಿನಲ್ಲಿ ಕೆಳಗಿನ ಎರಡು ತೋಳುಗಳು ನೇಗಿಲನ್ನು ಎಳೆಯುತ್ತವೆ. ಮೇಲಿನ ಒಂದು ತೋಳು, ಅಂದರೆ ನಮ್ಮವರು ಟಾಪ್ ಲಿಂಕ್ ಎನ್ನುವುದು, ಗಾಡಿಯನ್ನು ಮುಂದಕ್ಕೆ ಒತ್ತುತ್ತದೆ. ನೇಗಿಲಿಗೆ ಮಣ್ಣು ಹೆಚ್ಚು ತಡೆ ಒಡ್ಡಿದಷ್ಟೂ ಈ ಒತ್ತಡ ಹೆಚ್ಚಿ, ಮುಂದಿನ ಗಾಲಿಗಳು ಮೇಲೇಳದಂತೆ ತಡೆಯುತ್ತದೆ. ಅದೇ ಒತ್ತಡ ಒಂದು ಸ್ಪ್ರಿಂಗನ್ನು ಅದುಮಿ ಹೈಡ್ರಾಲಿಕ್ ಕವಾಟವನ್ನು ಆಡಿಸುತ್ತದೆ. ಮಣ್ಣು ಗಟ್ಟಿಯಾದರೆ ನೇಗಿಲು ತುಸು ಮೇಲೇಳುತ್ತದೆ, ಸಡಿಲವಾದರೆ ಮತ್ತೆ ಇಳಿಯುತ್ತದೆ. ಬಂಡೆಗೆ ತಗುಲಿದರೆ ನೇಗಿಲಿನ ಭಾರ ಹಿಂದಿನ ಗಾಲಿಗಳ ಮೇಲಿಂದ ತಪ್ಪಿ, ಗಾಲಿಗಳು ಇದ್ದಲ್ಲೇ ಸುತ್ತುತ್ತವೆ. ಗಾಡಿ ಮಗುಚುವುದಿಲ್ಲ. ಟ್ರ್ಯಾಕ್ಟರಿಗೆ ಈಸು ಸಿಕ್ಕಿತು ಎನ್ನುವುದು ಈ ಅರ್ಥದಲ್ಲಿ.

1933ರಲ್ಲಿ ಕಪ್ಪು ಬಣ್ಣದ ಒಂದು ಮಾದರಿ ಟ್ರ್ಯಾಕ್ಟರ್ ಸಿದ್ಧವಾಯಿತು. 1936ರಿಂದ ಇಂಗ್ಲೆಂಡಿನ ಡೇವಿಡ್ ಬ್ರೌನ್ ಕಂಪನಿ ಅದನ್ನು ತಯಾರಿಸತೊಡಗಿತು. ಬೆಲೆ ಹೆಚ್ಚಾದ್ದರಿಂದ ಮಾರಾಟ ಮಂದವಾಗಿತ್ತು. 1938ರ ಅಕ್ಟೋಬರಿನಲ್ಲಿ ಫರ್ಗುಸನ್ ಒಂದು ಟ್ರ್ಯಾಕ್ಟರನ್ನು ಹಡಗಿನಲ್ಲಿ ಅಮೆರಿಕಕ್ಕೆ ಒಯ್ದು, ಹೆನ್ರಿ ಫೋರ್ಡರ ಹೊಲದಲ್ಲೇ ಉತ್ತು ತೋರಿಸಿದರು. ಕೀಲಿ ಕೊಟ್ಟರೆ ಓಡುವ ಆಟಿಕೆಯಂಥ ಪುಟ್ಟ ಮಾದರಿಯನ್ನು ಮೇಜಿನ ಮೇಲಿಟ್ಟು ತತ್ವ ವಿವರಿಸಿದರು. ಫೋರ್ಡ್ ಮೆಚ್ಚಿದರು. ಇಬ್ಬರೂ ಕೈಕುಲುಕಿ ವ್ಯವಹಾರ ಮುಗಿಸಿದರು. ಪತ್ರವಿಲ್ಲ, ಸಹಿಯಿಲ್ಲ. 1939ರಿಂದ 1947ರವರೆಗೆ ಈ ಬಾಯಿಮಾತಿನ ಮೇಲೆ 3 ಲಕ್ಷಕ್ಕೂ ಹೆಚ್ಚು ಟ್ರ್ಯಾಕ್ಟರುಗಳು ತಯಾರಾದವು.

ಒಂದು ಸ್ಪ್ಯಾನರಿನ ಟ್ರ್ಯಾಕ್ಟರ್

1946ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಬೂದು ಬಣ್ಣದ ಟಿ.ಇ. 20 ಎಂಬ ಟ್ರ್ಯಾಕ್ಟರ್ ಹೊರಬಂತು. 1956ರವರೆಗೆ 5 ಲಕ್ಷಕ್ಕೂ ಹೆಚ್ಚು ಮಾರಾಟವಾದ ಈ ಪುಟ್ಟ ಗಾಡಿ ಫರ್ಗುಸನ್ ಹೆಸರನ್ನು ಮನೆಮಾತು ಮಾಡಿತು. ಎವರೆಸ್ಟ್ ಏರಿದ ಎಡ್ಮಂಡ್ ಹಿಲರಿ 1958ರ ಜನವರಿ 4ರಂದು ಹಿಮದ ಮೇಲೆ ದಕ್ಷಿಣ ಧ್ರುವ ಮುಟ್ಟಿದ್ದು ಪಟ್ಟಿ ಕಟ್ಟಿದ ಇಂಥ ಟ್ರ್ಯಾಕ್ಟರುಗಳಲ್ಲೇ.

ಫರ್ಗುಸನ್ ಬಲು ಕಟ್ಟುನಿಟ್ಟಿನ ಮನುಷ್ಯ. ಕೊಳಕು ಅವರಿಗೆ ಸಹಿಸದು. ಮಾರುವವರಿಗೂ ರಿಪೇರಿಯವರಿಗೂ ಕಲಿಸಲೆಂದೇ ಸ್ಟೋನ್‌ಲೀ ಎಂಬಲ್ಲಿ ಒಂದು ತರಬೇತಿ ಶಾಲೆ ನಡೆಯುತ್ತಿತ್ತು. ಹೊಲದಲ್ಲಿ ಮಾಡಬೇಕಾದ ಹೆಚ್ಚಿನ ಹೊಂದಾಣಿಕೆಗಳಿಗೆ ಒಂದೇ ಸ್ಪ್ಯಾನರ್ ಸಾಕಾಗುವಂತೆ ನಟ್ಟುಗಳ ಅಳತೆಯನ್ನು ಇಟ್ಟಿದ್ದರು. ಆ ಸ್ಪ್ಯಾನರಿನ ಹಿಡಿಯ ಮೇಲೆ ಅಂಗುಲದ ಗೆರೆಗಳಿದ್ದವು. ಅಳತೆಪಟ್ಟಿಯೂ ಅದೇ. ರೈತನೇ ತನ್ನ ಗಾಡಿಯನ್ನು ನೋಡಿಕೊಳ್ಳುವಂತಿರಬೇಕು ಎಂಬುದು ಇದರ ಹಿಂದಿನ ಯೋಚನೆ.

ಮುಂಭಾಗದ ಅಚ್ಚಿನಲ್ಲೂ ಇದೇ ಯೋಚನೆ ಕಾಣುತ್ತದೆ. ಅಚ್ಚು ಮೂರು ತುಂಡು. ನಡುವಿನದು ಎಂಜಿನ್ನಿನ ಕೆಳಗೆ ಒಂದು ಪಿನ್ನಿನ ಮೇಲೆ ತೂಗಾಡುತ್ತದೆ. ಎರಡು ತುದಿಗಳು ಹಿಂದಕ್ಕೆ ಓರೆಯಾಗಿ ಬಾಗಿವೆ. ಬೋಲ್ಟು ತೆಗೆದು ತುದಿಗಳನ್ನು ಹೊರಕ್ಕೆ ಎಳೆದರೆ ಗಾಲಿಗಳ ಅಂತರ ಹೆಚ್ಚುತ್ತದೆ. ಸ್ಟೇರಿಂಗ್ ಪೆಟ್ಟಿಗೆಯ ಎರಡೂ ಬದಿಗೆ ಒಂದೊಂದು ಡ್ರಾಪ್ ಆರ್ಮ್, ಅದರಿಂದ ಆಯಾ ಬದಿಯ ಗಾಲಿಗೆ ಒಂದೊಂದು ಉದ್ದನೆಯ ಡ್ರ್ಯಾಗ್ ಲಿಂಕ್. ಅಚ್ಚಿನ ಓರೆಯನ್ನು ಲೆಕ್ಕ ಹಾಕಿ ಇಟ್ಟಿರುವುದರಿಂದ ಗಾಲಿಗಳ ಅಂತರ ಬದಲಿಸಿದರೂ ಡ್ರ್ಯಾಗ್ ಲಿಂಕಿನ ಉದ್ದ ಬದಲಿಸಬೇಕಾಗಿಲ್ಲ. ಸಾಲಿನ ಬೆಳೆಗೆ ತಕ್ಕಂತೆ ಗಾಡಿಯನ್ನು ಹೊಂದಿಸಿಕೊಳ್ಳಲು ಇದು ಬಹಳ ಅನುಕೂಲ.

ಮಾತು ಮುರಿದಾಗ

1947ರ ಏಪ್ರಿಲಿನಲ್ಲಿ ಹೆನ್ರಿ ಫೋರ್ಡ್ ತೀರಿಕೊಂಡರು. ಅಧಿಕಾರಕ್ಕೆ ಬಂದಿದ್ದ ಮೊಮ್ಮಗ ಕೈಕುಲುಕಿನ ಒಪ್ಪಂದವನ್ನು ಕೈಬಿಟ್ಟು, ಅದೇ ಬಗೆಯ ಹೈಡ್ರಾಲಿಕ್ ಇದ್ದ ಟ್ರ್ಯಾಕ್ಟರನ್ನು ತಮ್ಮದೇ ಹೆಸರಿನಲ್ಲಿ ಮಾರಿದರು. 1948ರಲ್ಲಿ ಫರ್ಗುಸನ್ 25 ಕೋಟಿ 10 ಲಕ್ಷ ಡಾಲರಿನ ದಾವೆ ಹೂಡಿದರು. ವರ್ಷಗಟ್ಟಲೆ ನಡೆದ ವ್ಯಾಜ್ಯ 1952ರಲ್ಲಿ ರಾಜಿಯಲ್ಲಿ ಮುಗಿದು, ಕೈಗೆ ಬಂದದ್ದು 92 ಲಕ್ಷ 50 ಸಾವಿರ ಡಾಲರ್. ಗೆದ್ದರೂ ಅವರ ಉತ್ಸಾಹ ಕುಗ್ಗಿತ್ತು. ಬರಹದಲ್ಲಿಲ್ಲದ ವ್ಯವಹಾರ ಎಷ್ಟು ದೊಡ್ಡವರ ನಡುವೆ ನಡೆದರೂ ಮುಂದಿನ ತಲೆಮಾರಿಗೆ ಜಗಳವಾಗಿ ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ.

1953ರಲ್ಲಿ ತಮ್ಮ ಕಂಪನಿಯನ್ನು ಕೆನಡಾದ ಮಾಸಿ ಹ್ಯಾರಿಸ್ ಕಂಪನಿಯೊಡನೆ ಸೇರಿಸಿದರು. ಬೆಲೆಯಲ್ಲಿ 10 ಲಕ್ಷ ಡಾಲರಿನ ವ್ಯತ್ಯಾಸ ಬಂದಾಗ ನಾಣ್ಯ ಚಿಮ್ಮಿ ತೀರ್ಮಾನಿಸಿದರು. ಫರ್ಗುಸನ್ ಸೋತರು. ಮರುವರ್ಷ ಆ ಕಂಪನಿಯಿಂದ ಹೊರಬಂದು, ನಾಲ್ಕೂ ಗಾಲಿಗೆ ಬಲ ಹರಿಯುವ ಕಾರಿನ ಪ್ರಯೋಗದಲ್ಲಿ ತೊಡಗಿದರು. 1960ರ ಅಕ್ಟೋಬರ್ 25ರಂದು ಇಂಗ್ಲೆಂಡಿನ ತಮ್ಮ ಮನೆಯಲ್ಲಿ ತೀರಿಕೊಂಡರು. ಆಗ ಅವರಿಗೆ 75 ವರ್ಷ.

ಅದೇ 1960ರಲ್ಲಿ ಮದರಾಸಿನಲ್ಲಿ ಟಾಫೆ ಕಂಪನಿ ಸ್ಥಾಪನೆಯಾಗಿ, ಮಾಸಿ ಫರ್ಗುಸನ್ ಸಹಯೋಗದಲ್ಲಿ ಭಾರತದಲ್ಲಿ ಟ್ರ್ಯಾಕ್ಟರ್ ತಯಾರಿಕೆಗೆ ಕೈಹಾಕಿತು. ಮುಂದೆ ಆ ಕಂಪನಿಯ ಒಂದು ಕಾರ್ಖಾನೆ ನಮ್ಮ ದೊಡ್ಡಬಳ್ಳಾಪುರದಲ್ಲೂ ತಲೆಯೆತ್ತಿತು. ಹೀಗೆ ಗ್ರೋವೆಲ್ ಹಳ್ಳಿಯ ರೈತನ ಮಗನ ಕಲ್ಪನೆ ನಮ್ಮ ಕೆಂಪು ಮಣ್ಣಿಗೆ ಬಂದು ಸೇರಿತು.

ನಮ್ಮ ಪಾಲಿನ ಕೆಲಸ

ಮುಂದಿನ ಗಾಲಿ ನೆಲದ ಮೇಲಿರುವಂತೆ ಫರ್ಗುಸನ್ ನೋಡಿಕೊಂಡರು. ಆ ಗಾಲಿ ನಾವು ತಿರುಗಿಸಿದತ್ತ ತಿರುಗುವಂತೆ ನೋಡಿಕೊಳ್ಳುವುದು ಗಾಡಿಯ ಒಡೆಯನ ಕೆಲಸ. ಹಳೆಯ ಗಾಡಿಗಳಲ್ಲಿ ಗೋಡಿನ ಕೆಸರು ಸ್ಪಿಂಡಲ್ ಬುಷ್‌ಗಳಿಗೆ ನುಗ್ಗಿ ಗ್ರೀಸನ್ನು ತೊಳೆದುಬಿಡುತ್ತದೆ. ಆಮೇಲೆ ತುಕ್ಕು ಹಿಡಿದು ಭಾಗಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಬಾಲ್ ಜಾಯಿಂಟ್ ಸವೆದರೆ ಸ್ಟೇರಿಂಗ್ ಆಟ ಕೊಡುತ್ತದೆ. ಇಂಥ ಗಾಡಿಗೆ ತುಂಬಿದ ಟ್ರೈಲರ್ ಕಟ್ಟಿ ಹೆದ್ದಾರಿಗೆ ಇಳಿಯುವುದು ಅಪಾಯಕ್ಕೆ ಆಹ್ವಾನ. ಬಿಗಿದ ಭಾಗಗಳನ್ನು ಬಿಚ್ಚಿ ಜೋಡಿಸುವಾಗ ರೈತರು ಈ ಕ್ರಮ ಅನುಸರಿಸುವುದು ಒಳಿತು.

ಮೊದಲು ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಟ್ರೈಲರ್ ಕಳಚಿ, ಬ್ರೇಕು ಹಾಕಿ, ಹಿಂದಿನ ಗಾಲಿಗಳಿಗೆ ಎರಡೂ ಕಡೆ ಅಡ್ಡ ಕೊಡಬೇಕು. ಮುಂದಿನ ಅಚ್ಚು ನಡುವಿನ ಪಿನ್ನಿನ ಮೇಲೆ ತೂಗಾಡುವುದರಿಂದ ಜಾಕಿ ಎತ್ತಿದಾಗ ಎಂಜಿನ್ ಒಂದು ಮಗ್ಗುಲಿಗೆ ವಾಲಬಹುದು. ಅಚ್ಚಿಗೂ ಮೇಲಿನ ಚೌಕಟ್ಟಿಗೂ ನಡುವೆ ಎರಡೂ ಬದಿ ಮರದ ಬೆಣೆ ಹೊಡೆಯಬೇಕು. ಜಾಕಿಯೊಂದನ್ನೇ ನಂಬಬಾರದು, ಇಟ್ಟಿಗೆಯನ್ನಂತೂ ನಂಬಲೇಬಾರದು. ಗಟ್ಟಿ ಮರದ ದಿಮ್ಮಿ ಇಲ್ಲವೆ ಕಬ್ಬಿಣದ ಸ್ಟ್ಯಾಂಡ್ ಕೊಡಬೇಕು.

ಡೀಸೆಲ್ ಮತ್ತು ಬ್ರಷ್‌ನಿಂದ ಮಣ್ಣು ಗ್ರೀಸು ತೊಳೆದ ಮೇಲೆ ಗುರುತು ಹಾಕುವುದು ಮುಖ್ಯ. ಡ್ರಾಪ್ ಆರ್ಮ್ ಮತ್ತು ಅದರ ಶಾಫ್ಟಿನ ಮೇಲೆ ಪಂಚಿನಿಂದ ಎದುರುಬದುರಾಗಿ ಚುಕ್ಕೆ ಹೊಡೆಯಬೇಕು. ಲಿಂಕುಗಳ ಉದ್ದ ಅಳೆದು ಬರೆದಿಟ್ಟುಕೊಳ್ಳಬೇಕು. ತುಕ್ಕು ಹಿಡಿದ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆಯನ್ನಾಗಲಿ, ಡೀಸೆಲ್ ಬೆರೆಸಿದ ಎಂಜಿನ್ ಆಯಿಲನ್ನಾಗಲಿ ಸಂಜೆ ಬಿಟ್ಟು ರಾತ್ರಿಯಿಡೀ ನೆನೆಯಲು ಬಿಡಬೇಕು. ಬೆಳಿಗ್ಗೆ ಒಮ್ಮೆ ಕೂದಲೆಳೆಯಷ್ಟು ಬಿಗಿದು ಆಮೇಲೆ ಸಡಿಲಿಸಿದರೆ ನಟ್ಟು ಸುಲಭವಾಗಿ ಬರುತ್ತದೆ. ಉದ್ದ ಹೊಂದಿಸುವ ಕೆಲವು ರಾಡುಗಳ ಒಂದು ತುದಿಗೆ ಎಡ ಸುತ್ತಿನ ಮರೆ ಇರುತ್ತದೆ. ಬಲ ಹಾಕುವ ಮೊದಲು ನೋಡಿಕೊಳ್ಳಬೇಕು.

ಬಾಲ್ ಜಾಯಿಂಟಿನ ಪಿನ್ನು ಬೆಣೆಯಂತೆ ಓರೆಯಾಗಿ ಆರ್ಮಿನ ಕಣ್ಣಿನಲ್ಲಿ ಕಚ್ಚಿರುತ್ತದೆ. ಸ್ಪ್ಲಿಟ್ ಪಿನ್ ತೆಗೆದು, ನಟ್ಟನ್ನು ಪಿನ್ನಿನ ತುದಿಗೆ ಸಮನಾಗುವವರೆಗೆ ಮಾತ್ರ ಸಡಿಲಿಸಿ ಅಲ್ಲೇ ಬಿಡಬೇಕು. ಪಿನ್ನಿನ ತುದಿಗೆ ಸುತ್ತಿಗೆ ಪೆಟ್ಟು ಹಾಕಬಾರದು. ಹಾಕಿದರೆ ತುದಿ ಹರಡಿ ಮರೆ ಹಾಳಾಗುತ್ತದೆ. ಕಣ್ಣಿನ ಒಂದು ಬದಿಗೆ ಭಾರವಾದ ಸುತ್ತಿಗೆಯನ್ನು ಒತ್ತಿ ಹಿಡಿದು, ಎದುರು ಬದಿಗೆ ಇನ್ನೊಂದರಿಂದ ಒಂದೆರಡು ಗಟ್ಟಿ ಪೆಟ್ಟು ಕೊಟ್ಟರೆ ಓರೆಯ ಹಿಡಿತ ಬಿಡುತ್ತದೆ. ಪುಲ್ಲರ್ ಇದ್ದರೆ ಇನ್ನೂ ಒಳ್ಳೆಯದು. ಈ ಕೆಲಸ ಮಾಡುವಾಗ ಕಣ್ಣಿಗೆ ಕನ್ನಡಕ ಇರಲಿ.

ಡ್ರಾಪ್ ಆರ್ಮನ್ನು ಪುಲ್ಲರ್ ಹಾಕಿಯೇ ಬಿಡಿಸಬೇಕು. ಶಾಫ್ಟಿಗೆ ಬಿದ್ದ ಪೆಟ್ಟು ನೇರವಾಗಿ ಸ್ಟೇರಿಂಗ್ ಪೆಟ್ಟಿಗೆಯ ಒಳಗಿನ ಬೇರಿಂಗಿಗೆ ಹೋಗುತ್ತದೆ. ನೂರು ರೂಪಾಯಿಯ ಕೆಲಸ ಸಾವಿರಕ್ಕೆ ಏರುವುದು ಇಲ್ಲಿಯೇ. ಗಾಲಿಯ ಸ್ಪಿಂಡಲ್ ಬಿಡಿಸುವಾಗ ಗಾಲಿ ಮೊದಲು ಕಳಚಬೇಕು. ಮೇಲಿನ ಆರ್ಮಿನ ಬಿಗಿ ಬೋಲ್ಟನ್ನು ಸಡಿಲಿಸಿದರೆ ಸಾಲದು, ಪೂರ್ತಿ ಹೊರತೆಗೆಯಬೇಕು. ಆರ್ಮಿನ ಸೀಳನ್ನು ಉಳಿಯಿಂದ ತುಸುವೇ ಅಗಲಿಸಿದರೆ ಅದು ಮೇಲಕ್ಕೆ ಬರುತ್ತದೆ, ಸ್ಪಿಂಡಲ್ ಕೆಳಕ್ಕೆ ಇಳಿಯುತ್ತದೆ. ಕಾಲಿನ ಮೇಲೆ ಬೀಳದಂತೆ ಕೆಳಗೆ ಆಸರೆ ಇರಲಿ. ಗ್ಯಾಸ್ ಬೆಂಕಿಯಿಂದ ಕಾಯಿಸುವುದನ್ನು ಆದಷ್ಟು ತಪ್ಪಿಸಬೇಕು. ಹೆಚ್ಚು ಕಾದ ಉಕ್ಕು ತನ್ನ ಗಡಸು ಕಳೆದುಕೊಳ್ಳುತ್ತದೆ. ಬಿರುಕು ಬಿಟ್ಟ ಸ್ಟೇರಿಂಗ್ ಆರ್ಮಿಗೆ ಬೆಸುಗೆ ಹಾಕಿಸಿ ಓಡಿಸುವುದು ಜೀವದ ಜೊತೆ ಆಡುವ ಜೂಜು. ಹೊಸದನ್ನೇ ಹಾಕಬೇಕು.

ಮರಳಿ ಜೋಡಿಸುವಾಗ ಹೊಸ ಬುಷ್‌ನ ತೂತು ಅಚ್ಚಿನ ಗ್ರೀಸ್ ತೂತಿಗೆ ಸರಿಯಾಗಿ ಕೂಡಬೇಕು. ತಪ್ಪಿದರೆ ಎಷ್ಟು ಗ್ರೀಸ್ ಒತ್ತಿದರೂ ಒಳಗೆ ಹೋಗದು. ಬಾಲ್ ಜಾಯಿಂಟಿನ ಓರೆ ಪಿನ್ನನ್ನೂ ಕಣ್ಣನ್ನೂ ಒಣಬಟ್ಟೆಯಲ್ಲಿ ಒರೆಸಿ ಕೂಡಿಸಬೇಕು. ಅಲ್ಲಿಗೆ ಗ್ರೀಸ್ ಬೇಡ. ನಟ್ಟಿನ ಕಚ್ಚು ಪಿನ್ನಿನ ತೂತಿಗೆ ಹೊಂದದಿದ್ದರೆ ಇನ್ನಷ್ಟು ಬಿಗಿದು ಹೊಂದಿಸಬೇಕೇ ಹೊರತು ಹಿಂದಕ್ಕೆ ಸಡಿಲಿಸಬಾರದು. ಸ್ಪ್ಲಿಟ್ ಪಿನ್ ಪ್ರತಿ ಸಲವೂ ಹೊಸದಿರಲಿ. ಮೊಳೆ, ತಂತಿ ಸಿಕ್ಕಿಸುವ ಅಭ್ಯಾಸ ಬಿಡಬೇಕು. ಕೊನೆಗೆ ಗಾಲಿಗಳನ್ನು ನೇರ ಇಟ್ಟು, ನಡುಮಟ್ಟದ ಎತ್ತರದಲ್ಲಿ ಎರಡು ಗಾಲಿಗಳ ಮುಂದಣ ಅಂತರವನ್ನೂ ಹಿಂದಣ ಅಂತರವನ್ನೂ ಅಳೆದು, ಗಾಡಿಯ ಪುಸ್ತಕದಲ್ಲಿ ಕೊಟ್ಟ ಲೆಕ್ಕಕ್ಕೆ ಹೊಂದಿಸಬೇಕು. ಎರಡೂ ಬದಿಗೆ ಪೂರ್ತಿ ತಿರುಗಿಸಿ ನೋಡಿ, ಹೊಲದಲ್ಲಿ ನಿಧಾನವಾಗಿ ಓಡಿಸಿ ಪರೀಕ್ಷಿಸಿದ ಮೇಲೆಯೇ ರಸ್ತೆಗೆ ಇಳಿಸಬೇಕು.

ಕೊನೆಗೊಂದು ಎಚ್ಚರಿಕೆ. ಮರದ ಬೊಡ್ಡೆ, ಬಂಡೆ, ಸಿಕ್ಕಿಕೊಂಡ ಲಾರಿ ಎಳೆಯುವಾಗ ಹಗ್ಗವನ್ನು ಟಾಪ್ ಲಿಂಕಿನ ಜಾಗಕ್ಕಾಗಲಿ ಹಿಂದಿನ ಅಚ್ಚಿಗಾಗಲಿ ಕಟ್ಟಬಾರದು. ಕೆಳಗಿನ ಡ್ರಾಬಾರಿಗೇ ಕಟ್ಟಬೇಕು. ಎತ್ತರದಲ್ಲಿ ಕಟ್ಟಿದ ಟ್ರ್ಯಾಕ್ಟರ್, ಕಂಪನಿಯ ಹೆಸರು ಏನೇ ಇರಲಿ, ನೂರು ವರ್ಷದ ಹಿಂದಿನ ಫೋರ್ಡ್‌ಸನ್ ಗಾಡಿಯಂತೆಯೇ ಹಿಮ್ಮಗುಚುತ್ತದೆ. ಫರ್ಗುಸನ್ ಅವರು ಮೂರು ಕೊಂಡಿ ಇಟ್ಟದ್ದು ಯಾವ ಅಪಾಯವನ್ನು ತಪ್ಪಿಸಲೆಂದೋ ಆ ಅಪಾಯವನ್ನು ನಾವೇ ಮರಳಿ ತಂದುಕೊಳ್ಳಬಾರದು. ಮುಂಗಾರಿಗೆ ಮುಂಚೆ ಒಂದು ದಿನ ಬಿಡುವು ಮಾಡಿಕೊಂಡು ಗಾಡಿಯ ಮುಂಭಾಗ ನೋಡಿಕೊಂಡರೆ, ಹದ ಬಂದ ದಿನ ಹೊಲದಲ್ಲಿ ನಿಂತು ಪರದಾಡುವುದು ತಪ್ಪುತ್ತದೆ.